ಪದಚರ್ಚೆ: ಕಾಡಿನ ಬೆಂಕಿಯಿಂದ ಬರುವುದು ‘ದೂಳುಕಣ’ವೇ?

ಎಲ್ಲರಿಗೂ ನಮಸ್ಕಾರ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಸಲ ಒಂಬತ್ತನೇ ತರಗತಿಯ ಮಕ್ಕಳ ಜೊತೆ ಸೇರಿ ಒಂದು ದೊಡ್ಡ ಗೋಡೆ ಚಾರ್ಟ್ ಬರೆಯುತ್ತಿದ್ದೇವೆ. ಶಿವರಾತ್ರಿ ಹೊತ್ತಿಗೆ ಗುಡ್ಡದ ಕರಡದ ಹುಲ್ಲು ಒಣಗಿ, ದರಗು ಅಂದರೆ ಒಣ ಎಲೆ ಉದುರಿ, ಗುಡ್ಡಕ್ಕೆ ಬೆಂಕಿ ಬೀಳುವ ಕಾಲ ಶುರುವಾಗುತ್ತದಲ್ಲ, ಅಲ್ಲಿಂದ ಅಶ್ವಿನಿ, ಭರಣಿ ಮಳೆ ಬೀಳುವವರೆಗೆ ನಮ್ಮ ಗಾಳಿಯಲ್ಲಿ ಏನು ತೇಲುತ್ತಿರುತ್ತದೆ, ಅದನ್ನು ನೆಲದ ಮೇಲಿನ ಯಂತ್ರ ಹೇಗೆ ಅಳೆಯುತ್ತದೆ, ಉಪಗ್ರಹ ಮೇಲಿನಿಂದ ಹೇಗೆ ಕಾಣುತ್ತದೆ ಎಂಬುದೇ ಅದರ ವಿಷಯ. ಒಂದು ಪ್ರತಿ ಶಾಲೆಗೆ, ಒಂದು ಗ್ರಾಮ ಪಂಚಾಯ್ತಿಗೆ, ಇನ್ನೊಂದು ಗ್ರಾಮ ಅರಣ್ಯ ಸಮಿತಿಯವರು ಕೂರುವ ಜಾಗಕ್ಕೆ. ಓದುವವರಲ್ಲಿ ಹೆಚ್ಚಿನವರು ತೋಟದವರು, ಕೂಲಿಗೆ ಹೋಗುವವರು, ಕಾಡಿಗೆ ಬೆಂಕಿ ಬೀಳದಂತೆ ಕಾಯುವ ಫೈರ್ ವಾಚರ್ ಕೆಲಸ ಮಾಡುವ ಹುಡುಗರು. ಹಾಗಾಗಿ ಒಂದೊಂದು ಪದವೂ ಅವರ ಕಿವಿಗೆ ಸರಿಯಾಗಿ ಕೇಳಬೇಕು. ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಮೊದಲನೆಯ ತೊಡಕು ‘ದೂಳುಕಣ’. ಪಿಎಂ 2.5 ಅಂದರೆ 2.5 ಮೈಕ್ರೋಮೀಟರಿಗಿಂತ ಚಿಕ್ಕದಾಗಿ ಗಾಳಿಯಲ್ಲಿ ತೇಲುವ ಎಲ್ಲ ಕಣಗಳ ಒಟ್ಟು ತೂಕ. ಒಂದು ಘನಮೀಟರ್ ಗಾಳಿಯಲ್ಲಿ ಇಷ್ಟು ಮೈಕ್ರೋಗ್ರಾಂ ಎಂದು ಹೇಳುತ್ತೇವೆ. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್, ಅದರ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಇವು ಸಣ್ಣವು. ಪತ್ರಿಕೆಗಳಲ್ಲಿ ಇದಕ್ಕೆ ‘ಸೂಕ್ಷ್ಮ ದೂಳುಕಣ’ ಎಂದು ಬರೆಯುವುದು ರೂಢಿಯಾಗಿದೆ. ನಾನೂ ಹೋದ ವರ್ಷ ಅದನ್ನೇ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಟೀಚರ್, ದೂಳಾದ್ರೆ ನೀರು ಹೊಡೆದ್ರೆ ಕೂರುತ್ತಲ್ಲ? ನಮ್ಮ ಅಂಗಳಕ್ಕೆ ದಿನಾ ಹೊಡೀತೀವಿ’ ಎಂದಳು. ಸಂಜೆ ಮನೆಯಲ್ಲಿ ಅತ್ತೆಯವರಿಗೆ ಇದನ್ನು ಹೇಳಿದರೆ ಅವರು ಹುಡುಗಿಯ ಪರ ನಿಂತರು: ‘ಅದು ದೂಳಲ್ಲ ಮಾರಾಯ್ತಿ, ಹೊಗೆ. ದೂಳು ಕಾಲಿನ ಅಡಿಯಿಂದ ಏಳುತ್ತೆ, ಹೊಗೆ ಬೆಂಕಿಯಿಂದ ಏಳುತ್ತೆ. ಅದಕ್ಕೂ ಇದಕ್ಕೂ ಏನು ಸಂಬಂಧ?’

ಅವರು ಹೇಳಿದ್ದು ವಿಜ್ಞಾನಕ್ಕೂ ಸರಿ. ದೂಳು ಹುಟ್ಟುವುದು ದೊಡ್ಡದು ಒಡೆದು ಪುಡಿಯಾಗಿ: ಮಣ್ಣು ಸವೆದು, ಕಲ್ಲು ಜಜ್ಜಿ, ರಸ್ತೆ ಉಜ್ಜಿ. ಅದರ ತೂಕದ ಬಹುಪಾಲು ದೊಡ್ಡ ಕಣಗಳಲ್ಲಿರುತ್ತದೆ. ಹೊಗೆಯ ಕಣ ಹುಟ್ಟುವುದು ತಲೆಕೆಳಗಾದ ದಾರಿಯಲ್ಲಿ. ಕಟ್ಟಿಗೆ, ದರಗು ಕಾದು ಆವಿಯಾದದ್ದು ಮೇಲೆ ಹೋಗಿ ತಣಿದು ಮತ್ತೆ ಹೆಪ್ಪುಗಟ್ಟುತ್ತದೆ. ಇಲ್ಲದಿಂದ ಬೆಳೆದು ಬಂದ ಕಣ ಅದು. ಹೆಚ್ಚಿನವು ಒಂದು ಮೈಕ್ರೋಮೀಟರನ್ನೂ ಮುಟ್ಟುವುದಿಲ್ಲ. 10 ಮೈಕ್ರೋಮೀಟರಿನ ದೂಳು ನಿಂತ ಗಾಳಿಯಲ್ಲಿ ಗಂಟೆಗೆ ಸುಮಾರು 10 ಮೀಟರ್ ಕೆಳಗಿಳಿದೀತು, 0.3 ಮೈಕ್ರೋಮೀಟರಿನ ಹೊಗೆಯ ಕಣ ಅದೇ ಗಂಟೆಯಲ್ಲಿ ಇಳಿಯುವುದು ಒಂದೆರಡು ಸೆಂಟಿಮೀಟರ್. ಅದಕ್ಕೆ ನೀರು ಚಿಮುಕಿಸಿದರೆ ಬೀಳುವ ಹನಿಯ ಪಕ್ಕದಿಂದ ಗಾಳಿಯ ಜೊತೆಯಲ್ಲೇ ಜಾರಿಹೋಗುತ್ತದೆ.

ಇಷ್ಟು ಬೆಳೆಸಿ ಬರೆಯಲು ಕಾರಣವಿದೆ. ಪದ ತಪ್ಪಿದರೆ ಕೆಲಸವೂ ತಪ್ಪುತ್ತದೆ. ದೂಳು ಅಂದ ತಕ್ಷಣ ನಮ್ಮ ಹುಡುಗರು ಮೂಗಿಗೆ ಟವೆಲ್ ಕಟ್ಟಿಕೊಂಡು ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯಲು ಹೋಗುತ್ತಾರೆ. ರಸ್ತೆಯ ದೂಳನ್ನು ಟವೆಲ್ ತಕ್ಕಮಟ್ಟಿಗೆ ತಡೆಯುತ್ತದೆ. ಹೊಗೆಯ ಕಣ ಅದರ ನೂಲಿನ ಸಂದಿಯಲ್ಲಿ ಸಲೀಸಾಗಿ ಒಳಗೆ ಹೋಗುತ್ತದೆ. ಎನ್95 ಮಾಸ್ಕನ್ನು ಪರೀಕ್ಷಿಸುವುದೇ ಸುಮಾರು 0.3 ಮೈಕ್ರೋಮೀಟರಿನ ಕಣಗಳಿಂದ, ಅಂದರೆ ಹೆಚ್ಚುಕಡಿಮೆ ಹೊಗೆಯ ಅಳತೆಯಲ್ಲೇ. ‘ದೂಳಿಗೆ ಟವೆಲ್ ಸಾಕು’ ಎನ್ನುವ ಮಾತು ತಕ್ಕಮಟ್ಟಿಗೆ ನಿಜ. ನಾವು ಹೊಗೆಯನ್ನು ದೂಳೆಂದು ಕರೆದು ಅವರನ್ನು ದಾರಿ ತಪ್ಪಿಸುತ್ತಿದ್ದೇವೆ.

ಬೆಂಕಿ ಬಿದ್ದ ಮಾರನೇ ದಿನ ಅಂಗಳದಲ್ಲಿ, ಒಣಗಲು ಹಾಕಿದ ಬಟ್ಟೆಯ ಮೇಲೆ ಕಪ್ಪು ಹಾಳೆಯ ಚೂರಿನಂತೆ ಬೀಳುತ್ತದಲ್ಲ, ಅದಕ್ಕೆ ನಮ್ಮಲ್ಲಿ ‘ಕರಿ ಹಾರಿ ಬಂದಿದೆ’ ಅನ್ನುತ್ತಾರೆ. ಜನ ಹೆದರುವುದು ಅದಕ್ಕೆ. ಕಣ್ಣಿಗೆ ಕಾಣುವ ಆ ಕರಿ ಪುಪ್ಪುಸಕ್ಕೆ ಇಳಿಯುವಷ್ಟು ಸಣ್ಣದಲ್ಲ. ಅಪಾಯ ಇರುವುದು ಕಾಣದಿರುವುದರಲ್ಲಿ. ಈ ಎರಡನ್ನೂ ಬೇರೆ ಮಾಡಿ ತೋರಿಸುವ ಒಂದು ಜೋಡಿ ಪದ ಚಾರ್ಟಿಗೆ ಬೇಕು.

ನನ್ನ ಮನಸ್ಸಿನಲ್ಲಿರುವುದು ‘ಹೊಗೆಕಣ’. ಇದು ಅರಿಸಮಾಸ ಎಂದು ಯಾರಾದರೂ ಹೇಳುವಿರಿ ಎಂದು ಗೊತ್ತು. ಆ ಆಕ್ಷೇಪ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಬಾಯಿಗೆ ಹತ್ತಿದರೆ ಸಾಕು. ನಿಜವಾದ ಅಡ್ಡಿ ಬೇರೆ. ‘ಕಣ’ ಅಂದರೆ ನಮ್ಮ ಗದ್ದೆಯವರಿಗೆ ಮೊದಲು ನೆನಪಾಗುವುದು ಭತ್ತ ಬಡಿಯುವ ಕಣ. ಸಂಸ್ಕೃತದಿಂದ ಬಂದ ಕಣಕ್ಕೂ ಈ ಕಣಕ್ಕೂ ಹುಟ್ಟಿನಲ್ಲಿ ನಂಟಿಲ್ಲ, ಬರೆಯುವಾಗ ಮಾತ್ರ ಎರಡೂ ಒಂದೇ. ‘ದೂಳುಕಣ’ ಎಂದು ಓದಿದ ಒಬ್ಬ ಹಿರಿಯರು, ‘ಹೌದು, ಕೊಯ್ಲಿನಲ್ಲಿ ಕಣದ ದೂಳು ಜಾಸ್ತಿಯೇ’ ಎಂದು ನನ್ನ ಜೊತೆ ಒಪ್ಪಿ ಮಾತಾಡಿದರು. ಅವರು ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ‘ಹೊಗೆಹುಡಿ’ ಎಂದೂ ಯೋಚಿಸಿದೆ. ಕರಾವಳಿಯ ಕಡೆಗೂ ನಮ್ಮ ಕಡೆಗೂ ಹುಡಿ ಗೊತ್ತಿರುವ ಮಾತು. ಆದರೆ ಹುಡಿ ಅಂದರೆ ಒಣಗಿದ್ದು. ಹೊಗೆಯ ಕಣಗಳಲ್ಲಿ ಎಷ್ಟೋ ಜಿಡ್ಡಿನ ಹನಿಗಳಂತಿರುತ್ತವೆ. ಹಳೆಯ ಅಡುಗೆಮನೆಯ ಜಂತಿಗೆ ಅಂಟಿದ್ದನ್ನು ಬೆರಳಿನಿಂದ ಮುಟ್ಟಿದವರಿಗೆ ಆ ಜಿಡ್ಡು ಗೊತ್ತು.

ಆ ಜಂತಿಯಿಂದ ಜೋಲುವುದಕ್ಕೆ ‘ಇಲ್ಲಣ’ ಎನ್ನುತ್ತಾರಲ್ಲ, ಎಂಥ ಒಳ್ಳೆಯ ಪದ ಅದು. ಒಲೆಯ ಮಸಿ, ಜೇಡರ ನೂಲು, ಹೊಗೆಯ ಜಿಡ್ಡು ಎಲ್ಲ ಸೇರಿ ಕಟ್ಟಿದ್ದು. ಗ್ಯಾಸ್ ಬಂದ ಮೇಲೆ ಮಕ್ಕಳಿಗೆ ಅದು ಗೊತ್ತಿಲ್ಲ. ನನ್ನ ತರಗತಿಯಲ್ಲಿ ಕೇಳಿದಾಗ ನಾಲ್ಕೇ ಮಕ್ಕಳು ಕೈ ಎತ್ತಿದರು, ಅವರೆಲ್ಲರ ಮನೆಯಲ್ಲೂ ಅಡಿಕೆ ಬೇಯಿಸುವ ಒಲೆ ಇದೆ. ಹೊಗೆಯಲ್ಲಿರುವ ಕಪ್ಪು ಭಾಗಕ್ಕೆ ಪಠ್ಯದಲ್ಲಿ ‘ಕಪ್ಪು ಇಂಗಾಲ’ ಎಂದಿದೆ. ನಾನು ಚಾರ್ಟಿನಲ್ಲಿ ‘ಮಸಿ’ ಎಂದೇ ಬರೆದಿದ್ದೇನೆ. ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡಿದವರಿಗೆ ಅದನ್ನು ವಿವರಿಸುವುದೇ ಬೇಡ. ಧಗಧಗ ಉರಿಯುವ ಬೆಂಕಿಯಲ್ಲಿ ಮಸಿಯ ಪಾಲು ಹೆಚ್ಚು. ಹಸಿ ದರಗು ಅಥವಾ ಸುಡುಮಣ್ಣಿನ ಗುಡ್ಡೆ ಉರಿಯದೆ ಹೊಗೆಯಾಡುವಾಗ ಬಿಳಿ ಹೊಗೆ ದಟ್ಟವಾಗಿ ಬರುತ್ತದೆ; ಅದರಲ್ಲಿ ಮಸಿ ಕಡಿಮೆ, ಜಿಡ್ಡಿನ ಕಣ ಹೆಚ್ಚು. ‘ಉರಿ’ ಮತ್ತು ‘ಹೊಗೆಯಾಡು’ ಎಂಬ ಎರಡು ಕ್ರಿಯಾಪದಗಳು ಈ ವ್ಯತ್ಯಾಸವನ್ನು ಹೊತ್ತುಕೊಂಡೇ ಇವೆ. ಇವಕ್ಕೆ ಹೊಸ ಪಾರಿಭಾಷಿಕ ಪದ ಕಟ್ಟುವ ಅಗತ್ಯ ನನಗಂತೂ ಕಾಣುತ್ತಿಲ್ಲ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ನೆಲದ ಯಂತ್ರವೂ ಉಪಗ್ರಹವೂ ನೋಡುವುದು ಒಂದೇ ಹೊಗೆಯನ್ನು, ಆದರೆ ಹೇಳುವುದು ಬೇರೆ ಬೇರೆ. ಶಿವಮೊಗ್ಗದ ವಿನೋಬನಗರದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರದಂಥದ್ದು ತನ್ನ ಪಕ್ಕದ ಗಾಳಿಯನ್ನು ಒಳಗೆಳೆದುಕೊಂಡು ಅಳೆಯುತ್ತದೆ. ಅದು ನಾವು ಉಸಿರಾಡುವ ಗಾಳಿ. ದಿನದ ಸರಾಸರಿ ಪಿಎಂ 2.5 ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು ಎಂಬುದು 2009ರ ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಈ ಅಂಕಿಗಳನ್ನು ಹೋಲಿಸಬೇಕಾದದ್ದು ಅಂಥ ಯಂತ್ರದ ಅಳತೆಗೆ. ಉಪಗ್ರಹ ನೋಡುವುದು ನೆಲದಿಂದ ಆಕಾಶದ ತುದಿಯವರೆಗಿನ ಇಡೀ ಗಾಳಿಯ ಕಂಬವನ್ನು. ಆ ಕಂಬದಲ್ಲಿ ಒಟ್ಟು ಎಷ್ಟು ಮಬ್ಬಿದೆ ಎಂದು ಅದು ಹೇಳಬಲ್ಲದು. ಆ ಮಬ್ಬು ನಮ್ಮ ಮೂಗಿನ ಮಟ್ಟದಲ್ಲಿದೆಯೋ ಎರಡು ಕಿಲೋಮೀಟರ್ ಮೇಲಿದೆಯೋ ಎಂಬುದು ಅದರ ಚಿತ್ರದಲ್ಲಿ ನೇರವಾಗಿ ಕಾಣುವುದಿಲ್ಲ.

ಇದನ್ನು ಎರಡು ಪುಟ ಬರೆದು ಹರಿದು ಹಾಕಿದೆ. ಅಷ್ಟರಲ್ಲಿ ನಮ್ಮ ಊರಿನವರು ಬೆಳಿಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಕಿವಿಗೆ ಬಿತ್ತು. ‘ಇವತ್ತು ಹೊಗೆ ಕೂತಿದೆ.’ ‘ಹತ್ತು ಗಂಟೆ ಮೇಲೆ ಎತ್ತಿತು.’ ‘ಆ ಬದಿಯಲ್ಲಿ ಹೊಗೆ ಎದ್ದಿದೆ.’ ‘ರಾತ್ರಿಯೆಲ್ಲ ಹೊಗೆ ಹೊಳೆಗುಂಟ ಇಳೀತು.’ ಕೂರು, ಎತ್ತು, ಏಳು, ಇಳಿ. ನಾನು ಎರಡು ಪುಟದಲ್ಲಿ ಹೇಳಲಾಗದ್ದು ಈ ನಾಲ್ಕು ಕ್ರಿಯಾಪದಗಳಲ್ಲಿದೆ.

ರಾತ್ರಿ ನೆಲ ತಣಿದಾಗ ಗುಡ್ಡದ ಓರೆಯ ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಇಳಿಯುತ್ತದೆ, ಹೊಗೆಯನ್ನೂ ಜೊತೆಗೆ ತರುತ್ತದೆ. ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ನಿಂತುಬಿಡುತ್ತದೆ. ಅದೇ ಹೊಗೆ ‘ಕೂರುವುದು’. ಆಗ ನೆಲದ ಯಂತ್ರದ ಅಂಕಿ ಏರುತ್ತದೆ. ಬಿಸಿಲು ಏರಿ ನೆಲ ಕಾದಾಗ ಗಾಳಿ ಕುದಿದಂತೆ ಮೇಲೆ ಕೆಳಗೆ ಆಡಿ, ಹೊಗೆ ಒಂದೆರಡು ಕಿಲೋಮೀಟರ್ ಎತ್ತರದವರೆಗೆ ಹರಡುತ್ತದೆ. ಅದೇ ‘ಎತ್ತುವುದು’. ನೆಲದ ಅಂಕಿ ಇಳಿಯುತ್ತದೆ. ಉಪಗ್ರಹದ ಮಟ್ಟಿಗೆ ಅದೇ ಕಂಬ, ಅಷ್ಟೇ ಹೊಗೆ. ಅದರ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಅಂದರೆ ಹೊಗೆ ಎತ್ತಿದರೂ ಕೂತರೂ ಉಪಗ್ರಹಕ್ಕೆ ಹೆಚ್ಚುಕಡಿಮೆ ಒಂದೇ, ‘ಕೂತ’ ಹೊಗೆ ನೆಲದ ಯಂತ್ರಕ್ಕೆ ಮಾತ್ರ ಜೋರಾಗಿ ತಟ್ಟುತ್ತದೆ. ಎರಡೂ ಸೇರಿದರೆ ಮಾತ್ರ ಪೂರ್ತಿ ಕತೆ ಗೊತ್ತಾಗುತ್ತದೆ. ಚಾರ್ಟಿನ ನಡುಭಾಗವನ್ನು ಈ ನಾಲ್ಕು ಪದಗಳ ಸುತ್ತಲೇ ಬರೆಯಲು ನಿರ್ಧರಿಸಿದ್ದೇನೆ. ನಿಮ್ಮ ನಿಮ್ಮ ಊರಿನಲ್ಲಿ ಹೊಗೆಗೆ ಬಳಸುವ ಬೇರೆ ಕ್ರಿಯಾಪದಗಳಿದ್ದರೆ ದಯವಿಟ್ಟು ಬರೆಯಿರಿ. ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು ಇಲ್ಲಿ ಇರಬಹುದು. ಬಯಲುಸೀಮೆಯಲ್ಲಿ ಹೊಗೆ ‘ಕೂರುತ್ತದೆಯೇ’, ಅಥವಾ ಅದು ಕಣಿವೆಯವರ ಮಾತೇ?

ಆ ಕಂಬದ ಮಬ್ಬಿನ ಅಳತೆಗೂ ಒಂದು ಹೆಸರು ಬೇಕು. ‘ಆಪ್ಟಿಕಲ್ ಡೆಪ್ತ್’ ಅನ್ನುವುದನ್ನು ಪದಕ್ಕೆ ಪದ ಇಟ್ಟು ‘ದೃಗಾಳ’ ಎಂದೋ ‘ದ್ಯುತಿ ಆಳ’ ಎಂದೋ ಮಾಡಿದರೆ ಮಕ್ಕಳು ಎಷ್ಟು ಮೀಟರ್ ಆಳ ಎಂದು ಕೇಳುತ್ತಾರೆ. ಅದು ಮೀಟರಿನ ಲೆಕ್ಕವಲ್ಲ, ಬರಿಯ ಅಂಕಿ. ಸೂರ್ಯ ನೆತ್ತಿಯ ಮೇಲಿದ್ದಾಗ ಈ ಅಂಕಿ 0.1 ಇದ್ದರೆ ನೇರ ಬೆಳಕಿನಲ್ಲಿ ನೂರಕ್ಕೆ 90 ಭಾಗ ಕಣಗಳನ್ನು ದಾಟಿ ಕೆಳಗೆ ಬರುತ್ತದೆ. 0.5 ಆದರೆ 61 ಭಾಗ, 1 ಆದರೆ 37 ಭಾಗ. ನಾನು ‘ಮಬ್ಬಳತೆ’ ಎಂದು ಬರೆದಿಟ್ಟಿದ್ದೇನೆ. ‘ಮಬ್ಬು’ ಎಂದರೆ ಬೆಳಗಿನ ಜಾವದ ಮಬ್ಬುಗತ್ತಲೆಯೂ ಹೌದು, ಮೋಡದ ಮಬ್ಬೂ ಹೌದು, ಬುದ್ಧಿಯ ಮಬ್ಬೂ ಹೌದು. ಎಲ್ಲದರಲ್ಲೂ ಬೆಳಕು ಕಡಿಮೆಯಾಗುವ ಭಾವ ಇದೆಯಲ್ಲ, ಅದಕ್ಕೇ ಹಿಡಿಸಿತು. ‘ಮುಸುಕು’ ಇನ್ನೂ ಚೆಂದ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನನಗೆ ಮುಸುಕು ಹೊದಿಕೆಯಂತೆ ಒಂದು ಪದರವಾಗಿ ಕಾಣುತ್ತದೆ. ಇಲ್ಲಿ ಬೇಕಾದದ್ದು ಇಡೀ ಕಂಬದ ಲೆಕ್ಕ.

‘ಮಂಜು’ ಮಾತ್ರ ಖಂಡಿತ ಬೇಡ. ದೊಡ್ಡ ಊರುಗಳ ಹೊಗೆಗೆ ‘ಹೊಗೆಮಂಜು’, ‘ಹೊಂಜು’ ಎಂಬ ಪದಗಳನ್ನು ಓದಿದ್ದೇನೆ. ಉತ್ತರದ ಚಳಿಗಾಲದಲ್ಲಿ ಮಂಜೂ ಹೊಗೆಯೂ ಬೆರೆತಿರುವಾಗ ಅವು ಸರಿಯೇ. ಮಲೆನಾಡಿನಲ್ಲಿ ಅವನ್ನು ಬಳಸಿದರೆ ನಮ್ಮ ನಿಜವಾದ ಮಂಜಿನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಈ ಗೊಂದಲ ಯಂತ್ರಕ್ಕೂ ಇದೆ. ನಮ್ಮ ಶಾಲೆಯ ಜಗಲಿಯಲ್ಲಿ ಲೇಸರ್ ಬೆಳಕಿನಿಂದ ಕಣ ಎಣಿಸುವ ಒಂದು ಅಗ್ಗದ ಪುಟ್ಟ ಯಂತ್ರ ತೂಗುಹಾಕಿದ್ದೇವೆ. ತೇವ ಹೆಚ್ಚಾದ ಬೆಳಿಗ್ಗೆ ಕಣಗಳು ನೀರು ಹೀರಿ ಉಬ್ಬುತ್ತವೆ, ಮಂಜಿನ ಹನಿಗಳೂ ಒಳಗೆ ಹೋಗುತ್ತವೆ. ಯಂತ್ರ ಎಲ್ಲವನ್ನೂ ಹೊಗೆ ಎಂದು ಲೆಕ್ಕ ಹಾಕುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ಎಲ್ಲೂ ಬೆಂಕಿಯಿಲ್ಲದಾಗ ಅದು ಕೆಂಪು ತೋರಿಸಿ ಮಕ್ಕಳು ಗಾಬರಿಯಾದರು. ಬಿಸಿಲು ಬಂದು ಮಂಜು ಹರಿದ ಮೇಲೆ ತಾನೇ ಹಸಿರಿಗೆ ಬಂತು. ದೊಡ್ಡ ಕೇಂದ್ರಗಳ ಯಂತ್ರಗಳು ಒಳಗೆಳೆದ ಗಾಳಿಯನ್ನು ಬೆಚ್ಚಗೆ ಮಾಡಿ ತೇವ ತೆಗೆದು ಅಳೆಯುವುದು ಇದೇ ಕಾರಣಕ್ಕೆ.

ಉಪಗ್ರಹ ಕಂಡು ನಕ್ಷೆಯಲ್ಲಿ ತೋರಿಸುವ ಬೆಂಕಿಯ ಗುರುತಿಗೂ ಪದ ಬೇಕು. ಅರಣ್ಯ ಇಲಾಖೆಯವರ ಬಾಯಲ್ಲಿ ಅದು ‘ಪಾಯಿಂಟ್’: ‘ಮೇಡಂ, ಪಾಯಿಂಟ್ ಬಂದಿತ್ತು, ಹೋಗಿ ನೋಡಿದ್ರೆ ಬರೇ ಕಾದ ಬಂಡೆ.’ ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಉಪಗ್ರಹ ಕಂಡ ಬೆಂಕಿಯ ಜಾಗಗಳನ್ನು ರಾಜ್ಯಗಳಿಗೆ ತಿಳಿಸುತ್ತಿದೆ. ಟೆರ್ರಾ, ಆಕ್ವಾ ಉಪಗ್ರಹಗಳ ಮೋಡಿಸ್ ಉಪಕರಣ ನೆಲವನ್ನು 1 ಕಿಲೋಮೀಟರಿನ ಚೌಕಗಳಾಗಿ ನೋಡುತ್ತದೆ. 2011ರಲ್ಲಿ ಹಾರಿದ ಸುವೋಮಿ ಎನ್‌ಪಿಪಿಯ ವಿರ್ಸ್ ಉಪಕರಣ 375 ಮೀಟರಿನ ಚೌಕಗಳಾಗಿ ನೋಡುತ್ತದೆ. 375 ಮೀಟರ್ ಉದ್ದ, ಅಷ್ಟೇ ಅಗಲ ಅಂದರೆ ಸುಮಾರು 14 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 35 ಎಕರೆ. ಆ ಚೌಕದೊಳಗೆ ಎಲ್ಲೋ ಒಂದು ಕಡೆ ಸುಡುವಷ್ಟು ಬಿಸಿ ಇದ್ದರೆ ನಕ್ಷೆಯಲ್ಲಿ ಚೌಕದ ನಡುವೆ ಒಂದು ಚುಕ್ಕಿ ಬೀಳುತ್ತದೆ. ಬೆಂಕಿ ಇರುವುದು ಚುಕ್ಕಿಯ ಮೇಲೆಯೇ ಎಂದೇನೂ ಇಲ್ಲ.

ಹೋದ ಮಾರ್ಚಿನಲ್ಲಿ ಒಬ್ಬ ಹುಡುಗನ ಮನೆಯ ಮೇಲೆಯೇ ಚುಕ್ಕಿ ಬಿದ್ದಿತ್ತು. ಅವನು ತರಗತಿಯಿಂದ ಎದ್ದು ಓಡಿದ. ಬೆಂಕಿ ಇದ್ದದ್ದು ತೋಟದ ಆಚೆಯ ಬ್ಯಾಣದಲ್ಲಿ, ಅಂದರೆ ಹುಲ್ಲು ಬೆಳೆಯುವ ಜಾಗದಲ್ಲಿ. ಮನೆಯವರು ಅಷ್ಟು ಹೊತ್ತಿಗೆ ಬಡಿದು ಆರಿಸಿದ್ದರು. ಆ ಹುಡುಗನ ಮುಖ ನೆನಪಾದಾಗಲೆಲ್ಲ ‘ಚುಕ್ಕಿ’ ಎಂಬ ಪದ ನನಗೆ ಹಿಡಿಸುವುದಿಲ್ಲ. ‘ಬಿಸಿಚುಕ್ಕಿ’, ‘ಅಗ್ನಿಬಿಂದು’ ಎಲ್ಲವೂ ಇಷ್ಟೇ ಜಾಗ ಎಂದು ಬೆರಳಿಟ್ಟು ತೋರಿಸಿದ ಹಾಗೆ. ‘ಬೆಂಕಿಚೌಕ’ ಎಂದರೆ ಹೇಗೆ? ಈ 35 ಎಕರೆಯೊಳಗೆ ಎಲ್ಲೋ ಇದೆ, ಹೋಗಿ ಹುಡುಕಿ ಎಂದು ಅದು ಹೇಳುತ್ತದೆ. ‘ಇಷ್ಟು ಕಡೆ ಬೆಂಕಿ’ ಎಂದು ಚುಕ್ಕಿ ಎಣಿಸಿ ಬರೆಯುವುದೂ ಆಗ ತಪ್ಪೀತು. ಉದ್ದಕ್ಕೆ ಹಬ್ಬಿದ ಒಂದೇ ಬೆಂಕಿ ಹತ್ತು ಚೌಕ ತುಂಬಬಹುದು. ದಟ್ಟ ಕಾನಿನ ಕೆಳಗೆ ದರಗಿನಲ್ಲಿ ಹರಿಯುವ ಸಣ್ಣ ಬೆಂಕಿ, ಅಥವಾ ಮಧ್ಯಾಹ್ನ ಒಂದೂವರೆ ಸುಮಾರಿಗೆ ಉಪಗ್ರಹ ದಾಟಿದ ಮೇಲೆ ಹೊತ್ತಿ ಸಂಜೆಯೊಳಗೆ ಆರಿದ ಬೆಂಕಿ, ಒಂದು ಚೌಕವನ್ನೂ ತೋರಿಸದೆ ಹೋಗಬಹುದು. ಉಪಗ್ರಹ ಕಾಣದ ಇಂಥವನ್ನು ಹೊಗೆಯ ವಾಸನೆ ಹಿಡಿದು ಮೊದಲು ಹೇಳುವವರು ನಮ್ಮ ಫೈರ್ ವಾಚರ್‌ಗಳೇ.

ಬೆಂಕಿಯ ಹೆಸರಿನ ಬಗ್ಗೆಯೂ ಒಂದು ಮಾತು. ‘ಕಾಳ್ಗಿಚ್ಚು’ ಹಳಗನ್ನಡದ ‘ಕಾೞ್ಗಿರ್ಚು’, ನನಗೆ ಪ್ರೀತಿಯ ಪದ. ಆದರೆ ಅದರಲ್ಲಿ ಕಾಡು ತಾನೇ ಹೊತ್ತಿಕೊಂಡ ಧ್ವನಿ ಇದೆ. ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆ ಎಂದು ಮಕ್ಕಳು ಈಗಲೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ನಮ್ಮ ಕಾಡುಗಳ ಬೆಂಕಿಯಲ್ಲಿ ಬಹುಪಾಲು ಮನುಷ್ಯರ ಕೈಯಿಂದ ಬಂದದ್ದು: ಹೊಸ ಹುಲ್ಲು ಚಿಗುರಲೆಂದು ಕೊಟ್ಟದ್ದು, ಗದ್ದೆಯಂಚಿನಲ್ಲಿ ಹಚ್ಚಿದ್ದು ಕೈಮೀರಿದ್ದು, ಎಸೆದ ಬೀಡಿಯದ್ದು. ಊರಿನವರು ‘ಬೆಂಕಿ ಬಿತ್ತು’ ಎನ್ನುವುದಕ್ಕೂ ‘ಬೆಂಕಿ ಕೊಟ್ರು’ ಎನ್ನುವುದಕ್ಕೂ ಇರುವ ಅಂತರ ಅವರಿಗೆ ಚೆನ್ನಾಗಿ ಗೊತ್ತು. ಯಾರೆಂದು ತಿಳಿದಿದ್ದೂ ಹೆಸರು ಹೇಳಲು ಮನಸ್ಸಿಲ್ಲದಾಗ ‘ಬಿತ್ತು’ ಬರುತ್ತದೆ. ಚಾರ್ಟಿನಲ್ಲಿ ಯಾರನ್ನೂ ದೂರುವುದಕ್ಕೆ ನನಗಿಷ್ಟವಿಲ್ಲ, ಕಾಡಿನ ಮೇಲೆ ಹಾಕುವುದಕ್ಕೂ ಇಷ್ಟವಿಲ್ಲ. ಸದ್ಯಕ್ಕೆ ‘ಗುಡ್ಡದ ಬೆಂಕಿ’ ಎಂದು ಬರೆದಿದ್ದೇನೆ.

‘ಮಾನಿಟರಿಂಗ್’ಗೆ ‘ಮೇಲ್ವಿಚಾರಣೆ’ ಬೇಡ, ಗಾಳಿಯೇನು ನಮ್ಮ ಕೈಕೆಳಗಿನ ಕೆಲಸಗಾರನಲ್ಲ. ‘ನಿಗಾ’ ಸಾಕು, ಎಲ್ಲರಿಗೂ ಗೊತ್ತು.

ಹಾಗಾದರೆ ನಿಮ್ಮಿಂದ ತಿಳಿಯಬೇಕಾದದ್ದು: ‘ಹೊಗೆಕಣ’ಕ್ಕಿಂತ ಒಳ್ಳೆಯದು ಇದೆಯೇ, ಭತ್ತದ ಕಣದ ನೆನಪು ತರದಂಥದ್ದು? ‘ಮಬ್ಬಳತೆ’, ‘ಬೆಂಕಿಚೌಕ’ ಕೇಳಿದ ತಕ್ಷಣ ಏನೆಂದು ಅರ್ಥವಾಯಿತು? ಹಾರಿ ಬರುವ ಆ ಕಪ್ಪು ಚೂರಿಗೆ ನಿಮ್ಮ ಕಡೆ ‘ಕರಿ’ ಬಿಟ್ಟು ಬೇರೆ ಹೆಸರಿದೆಯೇ? ಹೊಗೆಯ ಕ್ರಿಯಾಪದಗಳನ್ನು ಬರೆಯುವಾಗ ಊರಿನ ಹೆಸರನ್ನೂ, ಯಾರ ಬಾಯಲ್ಲಿ ಕೇಳಿದಿರಿ ಎಂಬುದನ್ನೂ ಸೇರಿಸಿ. ಅಜ್ಜಿಯ ಮಾತೋ, ದನ ಕಾಯುವವರ ಮಾತೋ ಎಂದು ಗೊತ್ತಾದರೆ ಮಕ್ಕಳು ಅದನ್ನೂ ಚಾರ್ಟಿನ ಅಂಚಿನಲ್ಲಿ ಬರೆಯುತ್ತಾರೆ. ಶಿವರಾತ್ರಿಗೆ ಎರಡು ವಾರ ಮುಂಚೆ ಚಾರ್ಟನ್ನು ಗೋಡೆಗೆ ಹಾಕಬೇಕು. ಕರಡ ಈಗಾಗಲೇ ಹಳದಿಯಾಗುತ್ತಿದೆ.